ಒಂದೇ ತಂತಿ, ಎರಡು ಸ್ವರ

ಸಿಕ್ಕಿತು! ನಾಲ್ಕು ಭಾನುವಾರ ಕಾಡಿದ, ಒಂದು ಹಳೆಯ ಪಿಯಾನೊದ ಸಿ ಸ್ವರದ ಅಲುಗಾಟ ನಿನ್ನೆ ಸಂಜೆ ನಿಂತಿತು. ತಪ್ಪು ತಂತಿಯದ್ದು ಆಗಿರಲೇ ಇಲ್ಲ.

ಹಿಂದಿನ ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಬೆಂಗಳೂರಿನ ಫ್ರೇಜರ್ ಟೌನ್ ಕಡೆ ಒಂದು ಸಣ್ಣ ಟ್ರಸ್ಟ್ ಇದೆ. ಅಕ್ಕಪಕ್ಕದ ಮಕ್ಕಳಿಗೆ ಸಂಗೀತ, ಚಿತ್ರಕಲೆ ಎಲ್ಲ ಉಚಿತ. ಹಿರಿಯರೊಬ್ಬರು ಮನೆಯ ಅಪ್‌ರೈಟ್ (ತಂತಿಗಳು ನೆಟ್ಟಗೆ ನಿಂತಿರುವ) ಪಿಯಾನೊವನ್ನು ಅವರಿಗೆ ಕೊಟ್ಟರು. ಶ್ರುತಿ ಮಾಡಿಸುವ ದುಡ್ಡು ಮಕ್ಕಳ ಬಣ್ಣ, ಪುಸ್ತಕಕ್ಕೇ ಇರಲಿ ಅಂತ ನಾನೇ ಶ್ರುತಿ ತಿರುಗಿಸುವ ಲಿವರ್ ಹಿಡಿದು ಹೋದೆ. ವಾರವಿಡೀ ಮಾಡುವ ಕೆಲಸವೇ ಇದು. ಭಾನುವಾರ ಇವರಿಗೆ.

ಪಿಯಾನೊ ಸುಮಾರು 60 ಸೆಂಟ್, ಅಂದರೆ ಅಕ್ಕಪಕ್ಕದ ಎರಡು ಸ್ವರಗಳ ನಡುವಿನ ಅಂತರದ ಅರ್ಧಕ್ಕಿಂತ ತುಸು ಹೆಚ್ಚು, ಇಳಿದಿತ್ತು. ಎರಡು ಸುತ್ತಿನಲ್ಲಿ 440ಕ್ಕೆ, ಅಂದರೆ ಎ ಸ್ವರ ಸೆಕೆಂಡಿಗೆ 440 ಸಲ ಕಂಪಿಸುವ ವಾಡಿಕೆಯ ಶ್ರುತಿಗೆ, ತಂದೆ.

ಉಳಿದದ್ದು ಮಧ್ಯದ ಸಿಯಿಂದ ಒಂದು ಆಕ್ಟೇವ್ (ಸಪ್ತಕ) ಮೇಲಿನ ಸಿ. ಆ ಒಂದು ಸ್ವರಕ್ಕಿರುವ ಮೂರು ತಂತಿಗಳ ಯೂನಿಸನ್, ಅಂದರೆ ಮೂರೂ ಒಂದೇ ಶ್ರುತಿಯಲ್ಲಿ ನುಡಿಯುವುದು, ಏನು ಮಾಡಿದರೂ ಕೂರಲಿಲ್ಲ. ಎರಡು ತಂತಿಗೆ ನಾದ ತಡೆಯುವ ರಬ್ಬರ್ ಮ್ಯೂಟ್ ಸಿಕ್ಕಿಸಿ ಒಂದೊಂದನ್ನೇ ಕೇಳಿದೆ. ಎಡಗಡೆಯದು ಒಂದೇ ಇದ್ದಾಗಲೂ ಸೆಕೆಂಡಿಗೊಮ್ಮೆ ವಾಂವ್, ವಾಂವ್ ಅನ್ನುತ್ತಿತ್ತು. ಈ ವಾಂವ್ ಅನ್ನುವ ಏರಿಳಿತವೇ ಬೀಟ್. ಅದು ಬರಲು ತುಸುವೇ ಬೇರೆಯಾದ ಎರಡು ಸ್ವರ ಬೇಕು, ಅಲ್ವಾ? ಒಂಟಿ ತಂತಿ ಯಾರ ಜೊತೆ ಜಗಳ ಆಡೀತು?

ಪಕ್ಕದಲ್ಲಿ ನಿಂತಿದ್ದ ಒಂಬತ್ತು ವರ್ಷದ ಹುಡುಗಿ ಕೇಳಿದಳು, "ಅಂಕಲ್, ಇದೊಂದು ಮಾತ್ರ ಯಾಕೆ ಅಳ್ತಾ ಇದೆ?" ಅವಳಿಗೆ ಬೀಟ್ ಅಂದರೆ ಏನು ಅಂತ ಯಾರೂ ಹೇಳಿಕೊಟ್ಟಿಲ್ಲ. ಆದರೂ ಕಿವಿಗೆ ಬಿದ್ದಿದೆ! ಇಂಥ ಕಿವಿ ಇರುವ ಮಗುವಿಗೆ ಅಳುವ ಸಿ ಕೊಟ್ಟು ಹೇಗೆ ಬರಲಿ?

ತಂತಿ ತುಕ್ಕು ಹಿಡಿದಿದೆ ಅಂದುಕೊಂಡೆ. 16ನೇ ನಂಬರ್ ತಂತಿ, ಅಂದರೆ 0.94 ಮಿ.ಮೀ., ಆರ್ಡರ್ ಮಾಡಿದೆ. ಹತ್ತು ದಿನ ಕಾದ ಮೇಲೆ ಬಂದದ್ದು 18ನೇ ನಂಬರ್. ಫೋನ್ ಮಾಡಿದರೆ "ಎರಡೂ ಒಂದೇ ಸರ್, ಹಾಕಿ ನೋಡಿ" ಅಂದರು. ಒಂದೇ ಆಗಿದ್ದರೆ ನಂಬರ್ ಯಾಕೆ ಹಾಕುತ್ತಾರೆ ಸ್ವಾಮಿ? ದಪ್ಪ ತಂತಿಯನ್ನು ಅದೇ ಶ್ರುತಿಗೆ ಎಳೆದರೆ ಬಿಗಿತ ಜಾಸ್ತಿ, ನಾದವೂ ಪಕ್ಕದ ಎರಡರ ಜೊತೆ ಸೇರುವುದಿಲ್ಲ. ವಾಪಸ್ ಕಳಿಸಿ ಸರಿಯಾದದ್ದು ತರಿಸುವಷ್ಟರಲ್ಲಿ ಇನ್ನೊಂದು ಭಾನುವಾರ ಹೋಯಿತು.

ಹೊಸ ತಂತಿ ಹಾಕಿದೆ. ಎಳೆದೆ, ಇಳಿಯಿತು, ಮತ್ತೆ ಎಳೆದೆ. ಕೊನೆಗೆ ನಿಂತಿತು. ಕೀಲಿ ಒತ್ತಿದೆ. ವಾಂವ್, ವಾಂವ್. ಅದೇ ಅಳು!

ನಿನ್ನೆ ಆ್ಯಕ್ಷನ್, ಅಂದರೆ ಕೀಲಿ ಒತ್ತಿದಾಗ ತಂತಿಗೆ ಬಡಿಯುವ ಸುತ್ತಿಗೆಗಳ ಜೋಡಣೆ, ಪೂರ್ತಿ ಹೊರಗೆ ತೆಗೆದು, ಸುತ್ತಲಿನ ತಂತಿಗಳಿಗೆ ಫೆಲ್ಟ್ ಪಟ್ಟಿ ಹೊದಿಸಿ, ಆ ಒಂದನ್ನು ಬೆರಳಿನಿಂದ ಮೀಟಿದೆ. ಮೀಟುತ್ತಲೇ ಬ್ರಿಡ್ಜ್ (ತಂತಿಗಳು ಹಾದುಹೋಗುವ ಮರದ ಪಟ್ಟಿ) ಮೇಲೆ ಆ ತಂತಿಯನ್ನು ಹಿಡಿದಿಡುವ ಮುಂದಿನ ಪಿನ್ನನ್ನು ಸ್ಕ್ರೂಡ್ರೈವರ್ ತುದಿಯಿಂದ ಪಕ್ಕಕ್ಕೆ ಒತ್ತಿದೆ. ಅಲುಗಾಟ ಮಾಯ. ಬಿಟ್ಟೆ, ಬಂತು. ಒತ್ತಿದೆ, ಹೋಯಿತು. ಹತ್ತು ಸಲ ಮಾಡಿದೆ, ಸುಮ್ನೆ ಖುಷಿಗೆ.

ಪಿನ್ ಮರದ ತೂತಿನಲ್ಲಿ ಸಡಿಲವಾಗಿತ್ತು. ಹೀಗಾದಾಗ ತಂತಿ ಮೇಲೆ ಕೆಳಗೆ ಆಡುವಾಗ ಅದಕ್ಕೆ ಒಂದು ಉದ್ದ, ಅಕ್ಕಪಕ್ಕ ಆಡುವಾಗ ಕೂದಲೆಳೆಯಷ್ಟು ಬೇರೆ ಉದ್ದ. ಒಂದೇ ತಂತಿಯಲ್ಲಿ ಎರಡು ಸ್ವರ. ಹಳೆಯ ಮನೆಯಲ್ಲಿ ಪಿಯಾನೊ ಪಶ್ಚಿಮದ ಕಿಟಕಿಯ ಪಕ್ಕದಲ್ಲೇ ಇತ್ತಂತೆ. ಬಿಸಿಲಿಗೆ ಮರ ಒಣಗಿ, ಮಳೆಗಾಲದಲ್ಲಿ ಉಬ್ಬಿ, ಮತ್ತೆ ಒಣಗಿ ತೂತು ದೊಡ್ಡದಾಗಿರಬೇಕು.

ತೆಳು ಸೂಪರ್ ಗ್ಲೂ ಸಾಕು. ಆದರೆ ಅಪ್‌ರೈಟ್‌ನಲ್ಲಿ ಬ್ರಿಡ್ಜ್ ಗೋಡೆಯ ಹಾಗೆ ನಿಂತಿರುತ್ತದೆ, ಹಾಕಿದ್ದು ಕೆಳಗೆ ಸುರಿಯುತ್ತದೆ. ತಂತಿ ಸಡಿಲಿಸಿ ಪಕ್ಕಕ್ಕೆ ಸರಿಸಿದೆ. ಇಕ್ಕಳ ತಾಗಿಸಿದ್ದೇ ತಡ, ಪಿನ್ ಕೈಗೆ ಬಂತು. ಕೆಳಗೆ ಹತ್ತಿ ಹಿಡಿದು, ಸೂಜಿಯ ಮೊನೆಯಲ್ಲಿ ಒಂದೊಂದೇ ಹನಿ ತೂತಿಗೆ ಬಿಟ್ಟು, ಪಿನ್ ವಾಪಸ್ ಇಟ್ಟು ಮೆಲ್ಲಗೆ ತಟ್ಟಿದೆ. ಒಣಗಿದ ಮೇಲೆ ಶ್ರುತಿ ಮಾಡಿದರೆ ಮೂರೂ ತಂತಿ ಒಂದೇ ಗೆರೆ ಎಳೆದ ಹಾಗೆ ನಿಂತವು.

ಅಂದ ಹಾಗೆ, ಟ್ರಸ್ಟಿನ ಕಪಾಟಿನಲ್ಲಿ ಒಂದು ಹಳೆಯ ಹಾರ್ಮೋನಿಯಂ ಕಂಡೆ. ಮೂರು ರೀಡ್ (ಗಾಳಿಗೆ ಅದುರಿ ಸ್ವರ ಕೊಡುವ ಹಿತ್ತಾಳೆಯ ನಾಲಗೆ) ಬೇಸುರು, ತಿದಿಯಲ್ಲಿ ಗಾಳಿ ಸೋರುತ್ತಿದೆ. ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಅಷ್ಟು ಗೊತ್ತು. ಆದರೆ ಕೆರೆದ ಹಿತ್ತಾಳೆ ಮತ್ತೆ ಕೂಡುವುದಿಲ್ಲ, ಅದಕ್ಕೇ ಹಳೆಯ ರೀಡ್‌ಗಳನ್ನು ತಂದು ಮೊದಲು ಕೈ ಪಳಗಿಸಿಕೊಳ್ಳಬೇಕು. ಯಾರ ಬಳಿಯಾದರೂ ಬಿಸಾಡುವ ರೀಡ್ ಇದ್ದರೆ ದಯವಿಟ್ಟು ನನಗೆ ಕೊಡಿ.

ಆ್ಯಕ್ಷನ್ ಕೂರಿಸಿದ ಮೇಲೆ ಆ ಹುಡುಗಿಯನ್ನೇ ಕರೆದು ಸಿ ಒತ್ತಿಸಿದೆ. ನಾದ ಪೂರ್ತಿ ಆರುವವರೆಗೂ ಬೆರಳು ಎತ್ತಲಿಲ್ಲ. ಆಮೇಲೆ ಕೊನೆಯ ಆಕ್ಟೇವ್‌ನ ಒಂದು ಕೀಲಿ ಒತ್ತಿ, ತಲೆ ವಾರೆ ಮಾಡಿ ಕೇಳಿಸಿಕೊಂಡು, "ಇದೂ ಸ್ವಲ್ಪ ಅಳ್ತಾ ಇದೆ ಅಂಕಲ್" ಅಂದಳು.

ಹೌದು, ಅಳುತ್ತಿದೆ. ಮುಂದಿನ ಭಾನುವಾರ ಅದು.