ಊರ ಮರದ ಗಿಟಾರ್ ಚೆನ್ನಾಗಿ ನುಡಿಯುತ್ತಾ?

ನನ್ನ ಗಿಟಾರನ್ನು ಕೈಗೆ ತೆಗೆದುಕೊಂಡವರು ಬಾರಿಸುವ ಮೊದಲು ಅದನ್ನು ತಿರುಗಿಸಿ ಬೆನ್ನು ನೋಡುತ್ತಾರೆ. ಜೇನಿನ ಬಣ್ಣ, ನಡುನಡುವೆ ಶಾಯಿಯಲ್ಲಿ ಗೀಚಿದಂಥ ಕಪ್ಪು ಗೆರೆಗಳು. ಆ ಗೆರೆಗಳನ್ನು ಯಾರೂ ಎಳೆದದ್ದಲ್ಲ. ಮರ ಬಿದ್ದು ಹಸಿಯಾಗಿದ್ದಾಗ ಬೂಷ್ಟು ಮಾಡಿದ ಕೆಲಸ.

"ಯಾವ ಮರ ಇದು?"

"ಮಾವು."

ಮುಖ ಸ್ವಲ್ಪ ಇಳಿಯುತ್ತದೆ. ಆಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ. "ಊರ ಮರದಲ್ಲಿ ಸೌಂಡ್ ಚೆನ್ನಾಗಿ ಬರುತ್ತಾ? ಹೇಳಿ ಮಾಡಿಸೋದೇ ಆದ್ರೆ ಬೀಟೆಯಲ್ಲೇ ಮಾಡಿಸಬಹುದಿತ್ತಲ್ವಾ?"

ಚೆನ್ನಾಗಿಯೇ ಬರುತ್ತದೆ. ಆದರೆ ಸೌಂಡ್ ಬಗ್ಗೆ ಕೇಳುವುದಾದರೆ ಬೆನ್ನು ನೋಡಬೇಡಿ, ಮುಖ ನೋಡಿ.

ತಂತಿಗಳ ಕೆಳಗಿರುವ ಮುಂದಿನ ಹಲಗೆಯೇ ಗಿಟಾರಿನ ಗಂಟಲು. ಸ್ಟೀಲ್ ತಂತಿ ಕಟ್ಟಿದರೆ ಸುಮಾರು 70 ಕಿಲೋ ಎಳೆತ ಬೀಳುತ್ತದೆ. ಅದನ್ನು ತಡೆಯುವ ಹಲಗೆಯ ದಪ್ಪ 3 ಮಿಲಿಮೀಟರ್ ಆಸುಪಾಸು. ಬಗ್ಗಬಾರದು, ಆದರೆ ಸಣ್ಣ ಮೀಟಿಗೂ ಅಲುಗಾಡಬೇಕು. ಹಗುರವಾಗಿದ್ದೂ ಬಿಗಿಯಾಗಿರುವ ಮರಗಳು ಕಡಿಮೆ. ಚಳಿ ದೇಶಗಳ ಸೂಚಿಪರ್ಣಿ ಮರ ಸ್ಪ್ರೂಸ್ ಅಂಥದ್ದು, ಸೀಡರ್ ಅಂಥದ್ದು. ಬೆನ್ನು ಮತ್ತು ಪಕ್ಕೆಗೆ ಇಷ್ಟು ಕಟ್ಟುಪಾಡಿಲ್ಲ.

ನಂಬಿಕೆ ಬರದಿದ್ದರೆ ಟೊರೆಸ್ ಕಥೆ ಕೇಳಿ. ಇವತ್ತಿನ ಕ್ಲಾಸಿಕಲ್ ಗಿಟಾರಿಗೆ ರೂಪ ಕೊಟ್ಟ ಸ್ಪೇನ್‌ನ ಅಂಟೋನಿಯೊ ಡಿ ಟೊರೆಸ್ 1862ರಲ್ಲಿ ಒಂದು ಗಿಟಾರ್ ಮಾಡಿದರು. ಮುಖಕ್ಕೆ ಸ್ಪ್ರೂಸ್. ಬೆನ್ನು, ಪಕ್ಕೆ ಎರಡಕ್ಕೂ ರಟ್ಟು! ಅದು ಈಗಲೂ ಬಾರ್ಸಿಲೋನಾದ ಸಂಗೀತ ಮ್ಯೂಸಿಯಂನಲ್ಲಿದೆ. ಹೊಸ ಕಾಲದ್ದೂ ಒಂದಿದೆ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಬೆನ್ನು ಪಕ್ಕೆಯ ಮರ ಬಿಟ್ಟು ಮಿಕ್ಕಿದ್ದೆಲ್ಲ ಒಂದೇ ಥರ ಇರುವ ಆರು ಗಿಟಾರ್ ಮಾಡಿಸಿ, ಮರ ಕಾಣದಂತೆ ಮಾಡಿ 52 ಜನ ವಾದಕರ ಕೈಗೆ ಕೊಟ್ಟರು. ದುಬಾರಿ ಬ್ರೆಜಿಲ್ ರೋಸ್‌ವುಡ್‌ಗೂ ಸಾಧಾರಣ ಮರಕ್ಕೂ ಅವರು ಕೊಟ್ಟ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. 2018ರಲ್ಲಿ ಇದು ಪ್ರಕಟವಾಯಿತು.

ಇನ್ನು ಬೀಟೆ. ಅದು ಒಳ್ಳೆಯ ಮರವೇ, ನಂದೇನೂ ತಕರಾರಿಲ್ಲ. ಆದರೆ ಗಿಟಾರ್ ಮಾಡುವ ಅಮೆರಿಕದ ಹೆಸರಾಂತ ಮಾರ್ಟಿನ್ ಕಂಪನಿ 1969ರಲ್ಲಿ ಬೀಟೆಗೆ ಬಂದದ್ದು ಬ್ರೆಜಿಲ್ ರೋಸ್‌ವುಡ್ ಸಿಗುವುದು ಕಷ್ಟವಾದ ಮೇಲೆ. ಅಂದರೆ ಇವತ್ತು ನಾವು 'ಅಸಲಿ' ಅನ್ನುವ ಮರ ಬದಲಿ ಆಟಗಾರನಾಗಿ ಒಳಗೆ ಬಂದದ್ದು.

ಊರ ಮರದ ನಿಜವಾದ ತಲೆನೋವು ಸೌಂಡ್ ಅಲ್ಲ. ಒಣಗಿಸುವುದು.

ನಾನು ಇದನ್ನು ಕಲಿತದ್ದು ಒಂದು ಹಲಗೆ ಹಾಳು ಮಾಡಿಕೊಂಡೇ. ಪರಿಚಯದವರ ಹಿತ್ತಲಲ್ಲಿ ಮಾವಿನ ಮರ ಬಿದ್ದಿತ್ತು. ದಿಮ್ಮಿ ಸೀಳಿಸಿ, ಹಲಗೆಗಳನ್ನು ಗೋಡೆಗೆ ಒರಗಿಸಿಟ್ಟು ಮರೆತೆ. ಕೆಲವು ತಿಂಗಳು ಕಳೆದು ನೋಡಿದರೆ ನೆಲದ ಮೇಲೆ ಮೈದಾಹಿಟ್ಟಿನಷ್ಟು ನುಣ್ಣನೆಯ ಪುಡಿ, ಸಣ್ಣ ಸಣ್ಣ ಗುಡ್ಡೆಯಾಗಿ. ಮೇಲೆ ಗುಂಡುಸೂಜಿ ಚುಚ್ಚಿದಂಥ ತೂತುಗಳು. ಕುಟ್ಟೆ ಹಿಡಿದಿತ್ತು. ಬೆರಳಿಂದ ತಟ್ಟಿದೆ, ಇನ್ನಷ್ಟು ಪುಡಿ ಉದುರಿತು. ಮಾವಿನ ಮರದಲ್ಲಿ ಪಿಷ್ಟ ಜಾಸ್ತಿ, ಹುಳಕ್ಕೆ ಅದೇ ಊಟ.

ಉಳಿದ ಹಲಗೆ ಹೊತ್ತುಕೊಂಡು ಗಿಟಾರ್ ಮಾಡುವವರ ಹತ್ತಿರ ಹೋದೆ. ಅವರು ಬೈಯಲಿಲ್ಲ. ಒಂದು ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತೂಗುಹಾಕಿ, ಗೆಣ್ಣಿನಿಂದ ತಟ್ಟಿ ಕಿವಿ ಕೊಟ್ಟರು. "ಧಪ್ ಅಂತಿದೆ ಸರ್. ಇನ್ನೂ ಹಸಿ. ಟಣ್ ಅನ್ನೋವರೆಗೂ ನಾನು ಮುಟ್ಟಲ್ಲ." ಆಮೇಲೆ ಒಣಗಿಸುವ ಕ್ರಮ ಹೇಳಿಕೊಟ್ಟರು. ಎರಡೂ ತುದಿಗೆ ಮೇಣ ಬಳಿಯಬೇಕು, ಇಲ್ಲದಿದ್ದರೆ ತುದಿ ಬೇಗ ಒಣಗಿ ಸೀಳು ಬಿಡುತ್ತದೆ. ನಡುವೆ ಪಟ್ಟಿ ಕೊಟ್ಟು ಗಾಳಿಯಾಡುವಂತೆ ಮಲಗಿಸಬೇಕು. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅಂತ ಅಂದಾಜು. ತಿಂಗಳಿಗೊಮ್ಮೆ ತೂಕ ಮಾಡಿ ಹಲಗೆಯ ಮೇಲೇ ಪೆನ್ಸಿಲಲ್ಲಿ ಬರೆಯಬೇಕು. ತೂಕ ಇಳಿಯುವುದು ನಿಂತ ಮೇಲೆ ಅವರಿಗೆ ಫೋನ್.

ಇಷ್ಟು ಕಾಯಲಾಗದವರಿಗೆ ಹಳೆಯ ಮನೆಯ ತೊಲೆ, ಬಾಗಿಲ ಚೌಕಟ್ಟು ಒಳ್ಳೆಯದು. ಎಷ್ಟೋ ದಶಕ ಒಣಗಿ ಕೂತಿರುತ್ತದೆ. ಆದರೆ ಒಳಗೆ ಮೊಳೆ ಇದ್ದರೆ ಗರಗಸ ಹೋಯಿತು. ತೇಗವಾದರೆ ಎಣ್ಣೆ ಅಂಶ ಜಾಸ್ತಿ, ಅಂಟು ಹಾಕುವ ಮುಂಚೆ ಅಸಿಟೋನ್‌ನಲ್ಲಿ ಒರೆಸಲೇಬೇಕು.

ಹಲಗೆಯ ಅಳತೆ ಮೊದಲೇ ಕೇಳಿಕೊಳ್ಳಿ. ಬೆನ್ನು ಎರಡು ತುಂಡು, ಒಂದೊಂದೂ ಸುಮಾರು 20 ಸೆಂಟಿಮೀಟರ್ ಅಗಲ. ಒಂದೇ ಹಲಗೆಯನ್ನು ಸೀಳಿ ಪುಸ್ತಕದ ಹಾಗೆ ಬಿಡಿಸಿದರೆ ಎಡಬಲ ಎಳೆ ಹೊಂದುತ್ತದೆ. ಪಕ್ಕೆಗೆ 80 ಸೆಂಟಿಮೀಟರಿಗಿಂತ ಉದ್ದ ಬೇಕು, ಮತ್ತೆ ಒಂದು ಜೊತೆ ಜಾಸ್ತಿಯೇ ಕೊಡಿ. ಎರಡು ಮಿಲಿಮೀಟರಿಗೆ ತೋಪಡ ಹೊಡೆದು, ನೀರು ತೋರಿಸಿ, ಬಿಸಿ ಪೈಪಿನ ಮೇಲೆ ಬಗ್ಗಿಸುತ್ತಾರೆ. ಸುರುಳಿ ಎಳೆಯ ಮರ ನೋಡಲು ಎಷ್ಟು ಚಂದವೋ ಬಗ್ಗಿಸುವಾಗ ಅಷ್ಟೇ ಮೋಸ. ನನ್ನದು ಒಂದು ಪಟ್ಟಿ ಸೊಂಟದ ಹತ್ತಿರ ಪಟ್ ಅಂತ ಮುರಿಯಿತು. ಜಾಸ್ತಿ ಜೊತೆ ಇದ್ದದ್ದಕ್ಕೆ ಬಚಾವ್.

ಕುತ್ತಿಗೆಗೆ ನೇರ ಎಳೆಯ ಮರ, ಅದರ ಮೇಲೆ ಬೆರಳೊತ್ತುವ ಪಟ್ಟಿ ಫ್ರೆಟ್‌ಬೋರ್ಡಿಗೆ ಗಟ್ಟಿ ಚೇಗು. ಅಷ್ಟು ಹೇಳಿ ಮಿಕ್ಕಿದ್ದು ಅವರಿಗೆ ಬಿಡಿ. ಮಾಡಿಸುವವರು ಹೇಳಬೇಕಾದ್ದು ಬೇರೆಯೇ ಇದೆ. ಬೆರಳಲ್ಲಿ ಮೀಟುತ್ತೀರಾ, ಪಿಕ್ ಹಿಡಿದು ಜೋರಾಗಿ ಬಾರಿಸುತ್ತೀರಾ, ಹಾಡಿನ ಜೊತೆಗಾ, ಒಂಟಿಯಾಗಾ. ಮುಖದ ದಪ್ಪ, ಒಳಗಿನ ಪಟ್ಟಿಗಳನ್ನು ಎಷ್ಟು ಕೆತ್ತಬೇಕು ಅನ್ನುವುದೆಲ್ಲ ಇದರ ಮೇಲೆ ನಿಂತಿದೆ. ನಾನು ಅವರ ಎದುರು ಅರ್ಧ ಗಂಟೆ ಬಾರಿಸಿದೆ. ಅವರು ನನ್ನ ಬಲಗೈ ಬಿಟ್ಟು ಬೇರೇನೂ ನೋಡಲಿಲ್ಲ.

ಈಗ ಒಪ್ಪಿಕೊಳ್ಳಬೇಕಾದ ಮಾತು. ನನ್ನ ಗಿಟಾರಿನ ಮುಖ ಸ್ಪ್ರೂಸ್, ದೂರದಿಂದ ಬಂದದ್ದು. ಮುಖಕ್ಕೂ ಮಾವೇ ಇರಲಿ ಅಂತ ಹಟ ಹಿಡಿದಿದ್ದೆ. "ಹಾಕಿಕೊಡ್ತೀನಿ. ಆದ್ರೆ ನಿಮ್ಮ ಕೈ ಮೆತ್ತಗಿದೆ ಸರ್, ಅದು ನಿಮ್ಮ ಮಾತು ಕೇಳಲ್ಲ," ಅಂದರು. ಗಡಸು ಮರದ ಮುಖ ಹಾಕಿದ ಗಿಟಾರ್‌ಗಳಿಲ್ಲ ಅಂತಲ್ಲ. ಹವಾಯಿಯ ಕೋವಾ ಮರದವು ಹೆಸರುವಾಸಿ. ಅವು ಸ್ವಲ್ಪ ಮಂದ, ಬೆಚ್ಚಗಿನ ದನಿಯವು. ಎಬ್ಬಿಸಲು ಗಟ್ಟಿ ಕೈ ಬೇಕು. ಸ್ಪ್ರೂಸ್ ಬೆಳೆಯುವ ಕಡೆ ಇರುವವರಿಗೆ ಈ ಚಿಂತೆಯೇ ಇಲ್ಲ, ಪುಣ್ಯವಂತರು.

"ಹಾಗಾದ್ರೆ ಇದು ಪೂರ್ತಿ ಊರ ಮರದ್ದಲ್ಲ ಅಲ್ವಾ?" ಅಂತ ಕೆಲವರು ಕೊಕ್ಕೆ ಹಾಕುತ್ತಾರೆ. ಅಲ್ಲ. ಆದರೆ ಕುಟ್ಟೆಯಿಂದ ಉಳಿದ ಹಲಗೆ ಇನ್ನೊಂದಿದೆ, ಮುಖಕ್ಕೆ ಅಂತಲೇ ಅಟ್ಟದ ಮೇಲೆ ಮಲಗಿಸಿದ್ದೇನೆ. ಅಂಚಿನಲ್ಲಿ ಪೆನ್ಸಿಲಿನ ಅಂಕಿಗಳು ಒಂದರ ಕೆಳಗೊಂದು. ಹೋದ ವಾರ ತೂಗಿದೆ. ಇನ್ನೂ ಇಳಿಯುತ್ತಲೇ ಇದೆ.