ಮುರಿದ ಸರಳಿನ ಒಳಗೆ

ತೋರಣಗಲ್ಲಿನ ಬಳಿಯ ಪರೀಕ್ಷಾಲಯವೊಂದರಲ್ಲಿ ಹನ್ನೊಂದು ವರ್ಷಗಳಿಂದ ಉಕ್ಕಿನ ಸರಳುಗಳನ್ನು ಎಳೆದು ಮುರಿಯುತ್ತಿದ್ದೇನೆ. ಎಳೆಯುತ್ತ ಹೋದಂತೆ ಸರಳು ಮೊದಲು ಒಂದೇ ಸಮನೆ ಉದ್ದವಾಗುತ್ತದೆ. ಆಮೇಲೆ ಒಂದು ಕಡೆ ಮಾತ್ರ ಸೊಂಟ ಸಣ್ಣಗಾಗಿ ಅಲ್ಲಿಯೇ ತುಂಡಾಗುತ್ತದೆ. ಕೂಡಲೇ ಮುಟ್ಟಿದರೆ ಬೆಚ್ಚಗಿರುತ್ತದೆ. ಆ ಬಿಸಿಗೆ ನಾನು ಇಂದಿಗೂ ಬೆರಗಾಗುತ್ತೇನೆ.

ಒಳಗೆ ಪರಮಾಣುಗಳ ಪದರಗಳು ಇಡಿಯಾಗಿ ಜಾರುವುದಿಲ್ಲ. ಹಾಗೆ ಜಾರಬೇಕಿದ್ದರೆ ಎಷ್ಟೋ ಪಟ್ಟು ಹೆಚ್ಚು ಬಲ ಬೇಕಿತ್ತು. ನಮ್ಮ ಶೇಂಗಾ ಹೊಲದ ಕಂಬಳಿಹುಳು ಮೈಯ ಉಬ್ಬನ್ನು ಮುಂದಕ್ಕೆ ದಾಟಿಸುತ್ತ ಸಾಗುವಂತೆ, ಸಾಲು ತಪ್ಪಿದ ಒಂದು ದೋಷ ಹೆಜ್ಜೆಹೆಜ್ಜೆಯಾಗಿ ಸರಿಯುತ್ತದೆ. 1934ರಲ್ಲಿ ಟೇಲರ್, ಒರೊವನ್, ಪೊಲಾನಿ ಎಂಬ ವಿಜ್ಞಾನಿಗಳು ಮೂವರೂ ಬೇರೆಬೇರೆಯಾಗಿಯೇ ಇದನ್ನು ಮುಂದಿಟ್ಟರು, ಲೋಹದೊಳಗೆ ಅದನ್ನು ಕಣ್ಣಾರೆ ಕಾಣುವ ಮೊದಲೇ! ಬೆರೆತ ಇಂಗಾಲ, ಮ್ಯಾಂಗನೀಸ್ ಪರಮಾಣುಗಳು ಆ ದೋಷದ ದಾರಿಗೆ ಅಡ್ಡ ನಿಲ್ಲುತ್ತವೆ. ಉಕ್ಕು ಶುದ್ಧ ಕಬ್ಬಿಣಕ್ಕಿಂತ ಗಟ್ಟಿಯಾಗಲು ಅದೂ ಒಂದು ಕಾರಣ.

ನಿನ್ನೆ ಮುರಿದ ಮುಖವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಪಡ್ಡಿನ ಹಂಚಿನಂತೆ ಒತ್ತೊತ್ತಾಗಿ ಕುಳಿಗಳು. ಒಂದರ ತಳದಲ್ಲಿ ಉಕ್ಕಿನೊಳಗೆ ಉಳಿದ ಕಲ್ಮಶವಾದ ಮ್ಯಾಂಗನೀಸ್ ಸಲ್ಫೈಡಿನ ಪುಟ್ಟ ಕಣ ಇನ್ನೂ ಕುಳಿತಿತ್ತು. ಲೋಹ ಅದರಿಂದ ಬಿಡಿಸಿಕೊಂಡು ಬಾಯ್ತೆರೆದದ್ದು ಅಲ್ಲಿಯೇ.