ಒಡೆಯದ ಪತ್ರ ಹರೀಬಾರದಂತೆ

ನವನಗರ, ಬಾಗಲಕೋಟೆ
16 ನವೆಂಬರ್ 2025, ಭಾನುವಾರ, ರಾತ್ರಿ 11.20

ಕಣ್ಣು ಉರೀತಿವೆ. ಇಡೀ ಭಾನುವಾರ ಅಪ್ಪನ ಜಿಮೇಲ್ ಗುಡಿಸೋದರಲ್ಲೇ ಹೋಯಿತು. ಒಗೆಯೋ ಬಟ್ಟೆ ಇನ್ನೂ ಬಕೆಟ್‌ನಲ್ಲೇ ಇದೆ.

ಶುರುವಾಗಿದ್ದು ಶುಕ್ರವಾರ. ನವೆಂಬರ್ ಅಂದ್ರೆ ಪೆನ್ಷನ್‌ನವರಿಗೆ ಲೈಫ್ ಸರ್ಟಿಫಿಕೇಟ್ ತಿಂಗಳು. ಬದುಕಿದ್ದೇನೆ ಅಂತ ವರ್ಷಕ್ಕೊಮ್ಮೆ ತಾನೇ ಹೇಳಿಕೊಳ್ಳಬೇಕು. ಅಪ್ಪ ಹೆಬ್ಬೆಟ್ಟು ಒತ್ತಿ ಬಂದಿದ್ದ. ಆದರೂ ಬ್ಯಾಂಕಿನಿಂದ ಫೋನು. ಯಾವುದೋ ಫಾರ್ಮ್ ಮೇಲ್ ಮಾಡಿದ್ದರಂತೆ, ಎರಡು ಸಲ ವಾಪಸ್ ಬಂತಂತೆ. ತೆಗೆದು ನೋಡಿದರೆ 15 ಜಿಬಿಯೂ ಭರ್ತಿ. ಜಾಗ ಇಲ್ಲ, ಹೊಸ ಮೇಲ್ ಬರೋದಿಲ್ಲ ಅಂತ ಮೇಲುಗಡೆ ದೊಡ್ಡದಾಗಿ ಬರೆದಿದೆ. ಅಪ್ಪನನ್ನು ಕೇಳಿದೆ. "ಅದು ಹೊಸಾದೇನಲ್ಲ ಬಿಡು, ಭಾಳ ದಿನದಿಂದ ಐತಿ" ಅಂದ.

ಓದದೇ ಬಿಟ್ಟ ಮೇಲ್ 6,812.

ಜಾಗ ತಿಂದಿದ್ದು ಮೇಲ್ ಅಲ್ಲ ಬಿಡಿ. ಗುಡ್ ಮಾರ್ನಿಂಗ್ ಚಿತ್ರಗಳು, ಯಾರದೋ ಜವಳದ ವಿಡಿಯೋಗಳು. ವಾಟ್ಸಾಪ್‌ನಲ್ಲಿ ಬಂದದ್ದೆಲ್ಲ ತಾನೇ ಗೂಗಲ್ ಫೋಟೋಸ್‌ಗೆ ಏರಿ ಕೂತಿದೆ. ಮೇಲ್, ಫೋಟೋ, ಡ್ರೈವ್ ಮೂರದ್ದೂ ಅದೇ 15 ಜಿಬಿಯಲ್ಲಿ ಸಂಸಾರ ಅಲ್ವಾ. ಒಂದು ಮನೆಯವರು ಕೈಕಾಲು ಚಾಚಿದರೆ ಉಳಿದವರು ಹೊರಗೆ. ವಿಡಿಯೋಗಳನ್ನು ಬೆಳಿಗ್ಗೆಯೇ ತೆಗೆದೆ. ಅದಕ್ಕೆ ಅಪ್ಪ ಏನೂ ಅನ್ನಲಿಲ್ಲ.

ಮೇಲ್‌ಗೆ ಕೈ ಹಚ್ಚಿದೆ ನೋಡಿ, ಆಗ ಶುರುವಾಯಿತು.

ಪ್ರಮೋಷನ್ಸ್ ಟ್ಯಾಬ್ ತೆಗೆದು ಮೇಲಿನ ಚೌಕಕ್ಕೆ ಟಿಕ್ ಹಾಕಿದೆ. ಒಂದು ಪುಟದ 50 ಮೇಲ್ ಹಿಡಿದುಕೊಂಡವು. ಎಲ್ಲಾನೂ ಹಿಡೀಲಾ ಅಂತ ಅದೇ ಕೇಳುತ್ತೆ. ಹೂಂ ಅನ್ನಬೇಕು ಅನ್ನುವಷ್ಟರಲ್ಲಿ ಹಿಂದಿನಿಂದ ಅಪ್ಪನ ಧ್ವನಿ.

"ಏನ್ ಮಾಡಾಕತ್ತೀಯವ್ವಾ?"

"ಡಿಲೀಟ್ ಅಪ್ಪಾ."

"ಓದಿದೀ?"

"ಇವೆಲ್ಲ ಜಾಹೀರಾತು. ಸಾಲ ಬೇಕೇನು, ಶರ್ಟ್ ಬೇಕೇನು ಅಂತ."

"ನನ್ನ ಹೆಸರು ಹಾಕಿ ಬರದಾರಲ್ಲ. ಒಡೀದs ಹ್ಯಾಂಗ ಹರೀತಿ?"

ನಿಮಗೆ ಗೊತ್ತೇ ಇದೆ, ಅಪ್ಪ ಪೋಸ್ಟ್‌ಮನ್ ಆಗಿದ್ದವನು. ಹಳೇ ಊರು ಆಲಮಟ್ಟಿ ಹಿನ್ನೀರಿಗೆ ಹೋಗಿ ಮನೆಗಳು ಒಂದೊಂದಾಗಿ ಎದ್ದು ನವನಗರಕ್ಕೆ ಬರುವಾಗ ಪತ್ರಗಳಿಗೆ ಅದು ಗೊತ್ತಿರಲಿಲ್ಲ. ಅವು ಹಳೇ ಓಣಿಯ ಹೆಸರು, 587101 ಅಂತ ಬರೆಸಿಕೊಂಡೇ ಬರುತ್ತಿದ್ದವು. ಯಾರ ಮನೆ ಯಾವ ಸೆಕ್ಟರ್‌ಗೆ ಹೋಯಿತು ಅನ್ನೋದು ಅಪ್ಪನ ತಲೆಯಲ್ಲೇ ಇರುತ್ತಿತ್ತು. ಹಳೇ ವಿಳಾಸ ಹೊಡೆದು 587103 ಬರೆದು ಸೆಕ್ಟರ್ ನಂಬರ್ ಹಾಕೋದು. ಬಾಕಿನ ಮೇಲೆ ಕೂತು, ಕಿವಿಗೆ ಸಿಕ್ಕಿಸಿದ ಕೆಂಪು ರೀಫಿಲ್ ತೆಗೆದು. ಆ ಕೈಬರಹ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಂಥವನಿಗೆ ಹೋಗಿ ಹೋಗಿ ಸೆಲೆಕ್ಟ್ ಆಲ್ ತೋರಿಸಿದ್ದೀನಿ ನಾನು.

"ಡಿಲೀಟ್ ಮಾಡಿದ್ರೂ 30 ದಿನ ಬಿನ್‌ನ್ಯಾಗ ಇರ್ತಾವ ಅಪ್ಪಾ" ಅಂತ ಸಮಾಧಾನ ಮಾಡಿದೆ. ಮುಖ ಸ್ವಲ್ಪ ಅರಳಿತು. "ಹಂಗಾರ ಅಲ್ಲೂ ಆರ್‌ಎಲ್‌ಓ ಐತಿ ಅನ್ನು." ಕೊಡಬೇಕಾದವರೂ ಸಿಗದ, ಕಳಿಸಿದವರೂ ತಿಳಿಯದ ಪತ್ರಗಳು ಹೋಗುವ ರಿಟರ್ನ್ಡ್ ಲೆಟರ್ ಆಫೀಸು ಅದು. ಒಳಗೆ ವಿಳಾಸ ಇದೆಯಾ ಅಂತ ಒಡೆದು ನೋಡೋ ಅಧಿಕಾರ ಅವರಿಗೆ ಮಾತ್ರವಂತೆ. ಪೋಸ್ಟ್‌ಮನ್‌ಗೂ ಇಲ್ಲ, ಪೋಸ್ಟ್‌ಮಾಸ್ಟರ್‌ಗೂ ಇಲ್ಲ. ಇದನ್ನು ನಾನು ನೂರು ಸಲ ಕೇಳಿದ್ದೇನೆ. ಈ ವರ್ಷ ರಿಜಿಸ್ಟರ್ಡ್ ಪೋಸ್ಟ್ ಹೋಗಿ ಸ್ಪೀಡ್ ಪೋಸ್ಟ್‌ನಲ್ಲಿ ಸೇರಿದಾಗ ಎರಡು ದಿನ ಸರಿಯಾಗಿ ಉಂಡಿರಲಿಲ್ಲ ಈ ಮನುಷ್ಯ.

ಬಿನ್ ಖಾಲಿ ಮಾಡದೇ ಜಾಗ ಸಿಗೋದಿಲ್ಲ ಅನ್ನೋದನ್ನು ಮಾತ್ರ ಹೇಳಲಿಲ್ಲ.

ಕೊನೆಗೆ ಒಪ್ಪಂದ ಆಯಿತು. ಯಾರಿಂದ ಬಂದಿದೆ ಅಂತ ನಾನು ಓದಬೇಕು, ಅಪ್ಪ "ಹೋಗ್ಲಿ" ಅನ್ನಬೇಕು, ಆಮೇಲೆ ಡಿಲೀಟ್. ಹೋಗ್ಲಿ. ಹೋಗ್ಲಿ. ಇರ್ಲಿ, ಅದೇನದು? ಹೋಗ್ಲಿ. ಒಬ್ಬರದೇ ಇನ್ನೂರು ಮೇಲ್ ಇದ್ದರೆ ಹೆಸರು ಹುಡುಕಿ ಒಟ್ಟಿಗೆ ತೆಗೆದೆ, ಅನ್‌ಸಬ್‌ಸ್ಕ್ರೈಬ್ ಒತ್ತಿದೆ. ನಡುವೆ ಸೆಂಟ್ ಫೋಲ್ಡರ್ ನೋಡಿದರೆ ಅಪ್ಪ ಹನ್ನೊಂದು ಕಂಪನಿಗಳಿಗೆ ಉತ್ತರ ಬರೆದಿದ್ದಾನೆ! "ತಮ್ಮ ಪತ್ರ ತಲುಪಿತು. ನನಗೆ ಸದ್ಯ ಸಾಲದ ಅಗತ್ಯ ಇರುವುದಿಲ್ಲ." ಎಲ್ಲವೂ ನೋ-ರಿಪ್ಲೈ ವಿಳಾಸಗಳಿಗೆ. ನಗು ತಡೆಯೋಕಾಗದೆ ನೀರು ಕುಡಿಯೋ ನೆಪ ಮಾಡಿ ಒಳಗೆ ಹೋದೆ. ಅವ್ವನಿಗೆ ಹೇಳಿದರೆ ಅವಳು ನಗಲೇ ಇಲ್ಲ. "ಪಾಪ, ದಾರಿ ಕಾದಿರ್ತಾನ" ಅಂದಳು.

ನಾಲ್ಕು ಗಂಟೆ ಸುಮಾರಿಗೆ 2022ರ ಏಪ್ರಿಲ್‌ಗೆ ಬಂದೆವು. ಮದುವೆ ಕಾರ್ಡ್ ಮಾಡೋ ಯಾವುದೋ ಸೈಟಿನ ಮೇಲ್. ಅಪ್ಪ ಹೋಗ್ಲಿ ಅಂದೇಬಿಟ್ಟಿದ್ದ. ನನ್ನ ಕಣ್ಣಿಗೆ ಪಕ್ಕದಲ್ಲಿ ಗುಳೇದಗುಡ್ಡ ಅಂತ ಕಂಡಿತು.

ಗುಳೇದಗುಡ್ಡದ ಮಾಸ್ತರ ವಿಷಯ ಹಿಂದೆ ಬರೆದಿದ್ದೆನಲ್ಲ. ಮೂವತ್ತು ವರ್ಷದ ದೋಸ್ತಿ, ಒಂದು ಮದುವೆಗೆ ಕರೀಲಿಲ್ಲ ಅಂತ ಮುಗಿದದ್ದು. ಅವರ ಫೋನ್ ಬಂದರೆ ಅಪ್ಪ ಎತ್ತೋದಿಲ್ಲ. ಒಮ್ಮೆ ಮನೆಗೇ ಬಂದಾಗ ಒಳಗೆ ಮಲಗಿದ ಹಾಗೆ ಮಾಡಿದ. ಅವರೂ ಬಿಟ್ಟರು.

ತೆರೆದೆ. ಗಣಪತಿ ಚಿತ್ರ, ಬಂಗಾರದ ಅಕ್ಷರ, 3 ಮೇ 2022, ಬಸವ ಜಯಂತಿ ದಿನ ಅಕ್ಷತೆ. ಕೆಳಗೆ ಎರಡು ಸಾಲು: "ಪೋಸ್ಟಿನವರಿಗೆ ಪೋಸ್ಟಿನ್ಯಾಗ ಏನ್ ಕಳಸೂದಂತ ಮೇಲ್ ಹಾಕಿಸೇನಿ. ಹಿಂದಿನ ದಿನಾನ ಬರಬೇಕು, ನೀವು ಬಂದ ಮ್ಯಾಲೇ ಅರಿಷಿಣ."

ಓದಿ ಹೇಳಿದೆ. ಅಪ್ಪ ಮತ್ತೊಮ್ಮೆ ಓದು ಅಂದ. ಓದಿದೆ. ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿದ, ಹಾಕಿಕೊಂಡ, ಸ್ಕ್ರೀನ್ ಹತ್ತಿರ ಬಂದು ಮೇಲಿನ ತಾರೀಖು ನೋಡಿದ. ಪತ್ರದ ಸೀಲು ನೋಡುತ್ತಿದ್ದ ಹಾಗೇ, ಬೆರಳಿಟ್ಟು.

"ಕರದಾನಲ್ಲ" ಅಂದ.

ಫೋನ್ ಹಚ್ಚಲಾ ಅಂದೆ. ಬ್ಯಾಡ. ರಿಪ್ಲೈ ಮಾಡೋಣ ಅಂದರೆ ಅದೂ ನೋ-ರಿಪ್ಲೈ ವಿಳಾಸವೇ. ಅಪ್ಪ ಎದ್ದು ಹೋಗಿ ಕಟ್ಟೆ ಮೇಲೆ ಕೂತ. ಅವ್ವ ಚಾ ಇಟ್ಟಳು, ಆರಿತು. ಇವತ್ತಿಗೆ ಹೋಗ್ಲಿ ಅನ್ನೋರು ಯಾರೂ ಇರಲಿಲ್ಲ. ಸುಮ್ನೆ ಇದ್ದದ್ದನ್ನೆಲ್ಲ ಹಾಗೇ ಬಿಟ್ಟೆ.

ಈಗ ಪಡಸಾಲೆಯಲ್ಲಿ ಲೈಟ್ ಉರೀತಿದೆ. ಊಟ ಆದ ಮೇಲೆ ಟ್ರಂಕ್ ತೆಗೆದು ಹಳೇ ಇನ್‌ಲ್ಯಾಂಡ್ ಒಂದು ಹುಡುಕಿಕೊಂಡು ಕೂತಿದ್ದಾನೆ. ಈಗಷ್ಟೇ ಬಾಗಿಲ ಹತ್ತಿರ ಬಂದು ಕೇಳಿ ಹೋದ: "ಯವ್ವಾ, ಮೂರೂವರಿ ವರ್ಷದ ಮ್ಯಾಲೆ 'ಮದುವಿಗೆ ಬರಾಕ ಆಗ್ಲಿಲ್ಲ' ಅಂತ ಬರದ್ರ ನಡೀತದೇನು?"

ಏನು ಹೇಳಲಿ. ಆ ಹುಡುಗನಿಗೆ ಈಗ ಮಗುವೂ ಆಗಿರಬೇಕು. ಬ್ಯಾಂಕಿನವರಿಗೆ ನಾಳೆ ಮತ್ತೊಮ್ಮೆ ಕಳಿಸಿ ಅಂತ ಹೇಳಬೇಕು, ಅದಕ್ಕೂ ಮೊದಲು ಬಿನ್ ಖಾಲಿ ಮಾಡಬೇಕು. ಆದರೆ ಬೆಳಿಗ್ಗೆ ಅಪ್ಪ ಏಳೋ ಮುಂಚೆ ತೆಗೆದೆನಲ್ಲ ಮೊದಲ ನಾಲ್ಕು ಪುಟ, ಹೆಸರು ಓದದೇ, ಅದರಲ್ಲೂ ಆ ಕಾರ್ಡಿನ ಸೈಟಿನದು ಒಂದೆರಡು ಇದ್ದ ಹಾಗೆ